ರಾಕ್ಷಸರ ಮರ್ಯಾದೆಯೂ ನನ್ನ ಮದುವೆಯೂ

ಸೇಲಂ
19 ಜುಲೈ 2024, ಶುಕ್ರವಾರ

ಪ್ರೀತಿಯ ಪುಷ್ಪಾ,

ಮೊದಲು ಕುಳಿತುಕೋ. ಕುಳಿತೇ ಇದ್ದರೆ ಗೋಡೆಗೆ ಒರಗಿಕೋ. ಆಮೇಲೆ ನಿಮ್ಮ ತಾಯಿ ಯಲ್ಲಮ್ಮ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಾಗದವನ್ನು ಗಟ್ಟಿಯಾಗಿ ಓದು. ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೇನೆ. ಅಂದಮೇಲೆ ಯಾರೂ ಸತ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಸತ್ತವರ ಹಾಗೆ ಬಾಯಿ ತೆರೆದುಕೊಂಡು ಕೂತಿದ್ದೇವೆ ಎಂಬುದನ್ನು ನಮ್ರತೆಯಿಂದ ತಿಳಿಸುತ್ತೇನೆ.

ಸಂಗತಿ ಇಷ್ಟು. ಮುಂದಿನ ತಿಂಗಳು, ಆವಣಿ ಮಾಸದಲ್ಲಿ ನನಗೆ ತಾಳಿ ಕಟ್ಟಬೇಕಾಗಿದ್ದ ಗೋವಿಂದರಾಜ್, ಕಳೆದ ಭಾನುವಾರ ಊಟಕ್ಕೆ ಸ್ವಲ್ಪ ಮೊದಲು, ನನ್ನ ಅಣ್ಣನಾಗಿಬಿಟ್ಟಿದ್ದಾನೆ.

ಹಾಲು ಒಲೆಯ ಮೇಲಿದ್ದರೆ ಇಳಿಸಿ ಬಾ. ಕಾಯುತ್ತೇನೆ.

ಇದು ನಮ್ಮ ಭಾನುವಾರದ ಆಟದಿಂದ ಬಂದ ಅನಾಹುತ. ಅತ್ತೆಗೆ ಆಟದ ವಿಷಯ ಗೊತ್ತಿರಲಾರದು, ಹೇಳಿಬಿಡುತ್ತೇನೆ. ವಯಸ್ಸಿಗೆ ಬಂದು ಕೆಲಸಕ್ಕೆ ಹೋಗುವ ನಾಲ್ಕು ಜನ ನಮ್ಮ ಮನೆಯ ಮಹಡಿಯಲ್ಲಿ ಮೇಜಿನ ಸುತ್ತ ಕೂತು, ತಾವು ತಾವಲ್ಲವೆಂದು ಸುಳ್ಳು ಹೇಳುತ್ತೇವೆ. ಒಬ್ಬ ಬೇಟೆಗಾರ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ನಾನು ಕಥೆ ನಡೆಸುವವಳು. ‘ಮುಂದೆ ಗುಹೆ ಐತೆ, ಒಳಗೆ ಏನೋ ಉಸಿರಾಡ್ತಾ ಐತೆ, ಏನ್ ಮಾಡ್ತೀರಿ?’ ಎಂದು ಕೇಳುತ್ತೇನೆ. ಅವರು ಹೇಳಿದ್ದು ಫಲಿಸುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಜೂಜಲ್ಲ ಅತ್ತೆ. ಜೂಜಾಗಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲ.

ಆಡುವ ಮೊದಲು ಎಲ್ಲರೂ ತಮ್ಮ ಪಾತ್ರದ ಹಾಳೆ ತುಂಬಬೇಕು. ಇಂಗ್ಲಿಷ್ ನಿಯಮಪುಸ್ತಕ ನೋಡಿಕೊಂಡು ಆ ಹಾಳೆಯನ್ನು ಕನ್ನಡಕ್ಕೆ ಇಳಿಸಿದ ಮಹಾಪಂಡಿತರು ನೀನು ಮತ್ತು ನಾನು. ಹೆಸರು, ವಯಸ್ಸು, ಆಯುಧ. ಅದರ ಕೆಳಗೆ ‘ಜಾತಿ’. ಗಿಡ್ಡರ ಜಾತಿಯಾದರೆ ಜಿಪುಣತನಕ್ಕೆ ಎರಡು ಅಂಕ ಜಾಸ್ತಿ. ರಾಕ್ಷಸರಾದರೆ ಬುದ್ಧಿಗೆ ಎರಡು ಅಂಕ ಕಮ್ಮಿ. ಬೆಟ್ಟದವರು ಹುಟ್ಟುಕಳ್ಳರು. ಎಷ್ಟು ವರ್ಷ ಇದನ್ನು ತುಂಬಿಸಿಕೊಂಡೆವು! ಯಾರಿಗೂ ಏನೂ ಅನಿಸಲಿಲ್ಲ.

ನೀನು ಮೊರಪ್ಪೂರಿಗೆ ಹೋದ ಮೇಲೆ ನಿನ್ನ ಕುರ್ಚಿಗೆ ಬಂದವನು ಮಾದೇಶ್. ಕಣ್ಣಾಸ್ಪತ್ರೆಯೊಂದರಲ್ಲಿ ಕನ್ನಡಕದ ನಂಬರು ನೋಡುವ ಕೆಲಸ. ಧರ್ಮಪುರಿಯ ಕಡೆಯ ಒಂದು ಅನಾಥಾಲಯದಲ್ಲಿ ಬೆಳೆದವನು. ಅಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸಿನ ಬಾಯಿಂದ ನಮ್ಮ ಕನ್ನಡ ಕಲಿತ. ತಂದೆತಾಯಿ ಯಾರೆಂದು ಅವನಿಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ. ಮೊದಲ ದಿನ ಹೆಸರು ಬರೆದ, ವಯಸ್ಸು ಬರೆದ, ಆಯುಧದ ಮುಂದೆ ‘ಕೊಡಲಿ’ ಎಂದು ಬರೆದ. ಆಮೇಲೆ ಅವನ ಪೆನ್ನು ನಿಂತುಬಿಟ್ಟಿತು.

“ಇದ ತುಂಬಲೇಬೇಕಾ ಅಕ್ಕ? ಇಸ್ಕೂಲಲ್ಲಿ ಕೇಳುದ್ರು, ಆಪೀಸಲ್ಲಿ ಕೇಳುದ್ರು. ಆಟದಾಗೂನಾ?” ಎಂದ. ಹಾಳೆಯ ಮೇಲೆ ಬೆರಳಿಟ್ಟು, “ಬೆಟ್ಟದೋರು ಉಟ್ಟುಕಳ್ರು ಅಂತ ಬರ್ದೋರ್ಯಾರು?” ಎಂದೂ ಕೇಳಿದ. ನಾನು ಮೊರಪ್ಪೂರಿನ ದಿಕ್ಕಿಗೆ ಕೈ ತೋರಿಸಿದೆ. ಕ್ಷಮಿಸು.

ಅಲ್ಲಿಂದ ಶುರುವಾಯಿತು ನೋಡು ಮಹಾಸಭೆ. ಎರಡು ಭಾನುವಾರ ಒಬ್ಬ ರಾಕ್ಷಸನೂ ಸಾಯಲಿಲ್ಲ. ಎಲ್ಲರೂ ರಾಕ್ಷಸರ ಮಾನಮರ್ಯಾದೆಯ ಬಗ್ಗೆ ಮಾತಾಡಿದರು. ಸಬ್ಬಕ್ಕಿ ಮಿಲ್ಲಿನ ನಮ್ಮ ಪ್ರಭಾಕರ್ ಮೇಜು ಗುದ್ದಿ, “ಅಡ ಪೋಪ್ಪಾ! ರಾಕ್ಷಸಂಗೂ ಮರ್ವಾದೆ ಕೊಟ್ರೆ ನಾವ್ ಯಾರ್ನ ಒಡೀಬೇಕು? ಗುಹೆಯೊಳೀಕ್ ಓಗಿ ಕಾಪಿ ಕುಡ್ಕೊಂಡ್ ಬರಾದಾ?” ಎಂದ. ನಾನು ಪ್ರಭಾಕರನ ಪಕ್ಷ. ಆಟ ಆಟವೇ, ಹಾಳೆಯ ಮೇಲಿನ ಪದ ಎದ್ದು ಬಂದು ಯಾರನ್ನು ಕಚ್ಚುತ್ತದೆ ಎಂದು ಘನವಾಗಿ ವಾದಿಸಿದೆ.

ಗೋವಿಂದರಾಜ್ ಎದ್ದು ನಿಂತ. ಕಾಲೇಜಿನಲ್ಲಿ ಪಾಠ ಹೇಳುವವನಲ್ಲವೇ, ಕೂತು ಮಾತಾಡಲು ಬರುವುದಿಲ್ಲ. “ಎಲ್ಲಿ ಉಟ್ಟ ಅಂತ ನೋಡಿ ಬುದ್ಧೀಗ್ ಮಾರ್ಕ್ ಆಕಾದು ಅನ್ಯಾಯ. ಆಟದಲ್ಲೇ ಬುಡಕಾಗ್ದಿದ್ರೆ ಬೀದೀಲಿ ಬುಡ್ತೀವಾ?” ಎಂದು ಕೇಳಿದ. ಮಾದೇಶ ತಲೆ ಎತ್ತಿ ಅವನನ್ನೇ ನೋಡಿದ. ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಕ್ಕದ ಕೊಲುಸು ಪಟ್ಟರೆಯ ಸುತ್ತಿಗೆ ಸದ್ದು ಕೂಡ ನಿಂತಂತೆ ನನಗೆ ಕೇಳಿಸಿತು. ವಾದದಲ್ಲಿ ಸೋತೆ. ಸೋತ ಸಂತೋಷದಲ್ಲಿ ಅವನನ್ನು ಮನಸ್ಸಿನಲ್ಲೇ ಇನ್ನೊಂದು ಸಲ ಒಪ್ಪಿಕೊಂಡೆ ಎಂದು ಅತ್ತೆಯ ಮುಂದೆ ಹೇಳಲು ನಾಚಿಕೆ.

ತೀರ್ಮಾನವೇನೆಂದರೆ, ಹುಟ್ಟಿನ ಅಂಕಗಳೆಲ್ಲ ರದ್ದು. ‘ಜಾತಿ’ ಹೊಡೆದುಹಾಕಿ ಆ ಜಾಗಕ್ಕೆ ‘ಒಕ್ಕಲು’. ಯಾರು ಯಾವ ಒಕ್ಕಲಿಗೆ ಬೇಕಾದರೂ ಸೇರಿಕೊಳ್ಳಬಹುದು. ಪದ ಹುಡುಕಿಕೊಟ್ಟವನೂ ಗೋವಿಂದರಾಜನೇ. ಒಂದೇ ಮನೆದೇವರ ಒಕ್ಕಲಾದರೆ ಅಣ್ಣತಮ್ಮಂದಿರು, ಬೇರೆ ದೇವರ ಒಕ್ಕಲಾದರೆ ನೆಂಟರು, ಹೆಣ್ಣು ಕೊಟ್ಟು ತರಬಹುದು ಎಂಬುದನ್ನು ಅತ್ತೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮಗೆ ಯಾರಾದರೂ ನೆನಪಿಸಬೇಕಾಗಿತ್ತು.

ಹೊಸ ಹಾಳೆಗೆ ಒಂದು ಗಂಭೀರವಾದ ಆರಂಭ ಬೇಕೆನಿಸಿತು. ನಮ್ಮ ಅಜ್ಜಿ ಮುನಿಲಕ್ಷ್ಮಮ್ಮ ಪೆನ್ನಾಗರದ ಕಡೆಯ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು. ಅವರಲ್ಲಿ ಒಂದು ಪದ್ಧತಿ. ದಿಕ್ಕಿಲ್ಲದೆ ಮಂದೆಯ ಹಿಂದೆ ಬಂದವರನ್ನು ಮನೆಗೆ ಸೇರಿಸಿಕೊಳ್ಳುವಾಗ, ಹಿರಿಯ ಹೆಂಗಸು ಹಣೆಗೆ ಬೂದಿ ಇಟ್ಟು, ಒಂದೇ ಮುದ್ದೆಯನ್ನು ಮುರಿದು ಎಲ್ಲರಿಗೂ ತಿನ್ನಿಸಿ, ದೇವರ ಹೆಸರು ಹೇಳುತ್ತಾಳೆ. ಅಂದಿನಿಂದ ಅವರು ಆ ದೇವರ ಒಕ್ಕಲು. ‘ಅಜ್ಜಿ, ನಮಗೂ ಹಾಗೆ ಮಾಡು’ ಎಂದು ಕೇಳಿದೆ. ಆಟಕ್ಕೆ ಎಂದು ಹೇಳಲಿಲ್ಲ. ದಾಳ ಹಿಡಿದು ಕೂತವರನ್ನು ನೋಡಿದರೆ ತಿಳಿಯುವುದಿಲ್ಲವೇ ಎಂದುಕೊಂಡೆ. ನಮ್ಮದು ಗ್ಯಾಸ್ ಒಲೆ. ಬೂದಿಯನ್ನು ಕೊಲುಸು ಪಟ್ಟರೆಯ ಕುಲುಮೆಯಿಂದ ತಂದೆವು.

ಅಜ್ಜಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಮಹಡಿ ಹತ್ತಿದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಮಾದೇಶನ ಹಣೆಗೆ ಬೂದಿ ಇಟ್ಟಳು, ಬಾಯಿಗೆ ಮುದ್ದೆ ಇಟ್ಟಳು. ಪ್ರಭಾಕರನಿಗೂ ಹಾಗೆಯೇ. ಗೋವಿಂದರಾಜ್ ತಾನೇ ಮುಂದೆ ಬಂದು ತಲೆ ಬಗ್ಗಿಸಿದ. ಅಜ್ಜಿಯ ಕೈ ನಡುವೆಯೇ ನಿಂತಿತು.

“ನಿಂಗೂನಾಪ್ಪಾ? ಚೆನ್ನಾಗ್ ಯೋಚ್ನೆ ಮಾಡಿದ್ದೀಯಾ?”

“ಎಲ್ಲಾರ್ಗೂ ಇಡು ಅಜ್ಜಿ. ಯಾರ್ನೂ ಬುಡಬ್ಯಾಡ.”

ಅಜ್ಜಿ ನನ್ನ ಮುಖ ನೋಡಿದಳು. ನಾನು ಹಲ್ಲು ಕಿರಿದೆ. ಬೂದಿ ಬಿತ್ತು, ಮುದ್ದೆ ಒಳಗೆ ಹೋಯಿತು, ನಮ್ಮ ಮನೆದೇವರು ಬೀರಪ್ಪನ ಹೆಸರೂ ಆಯಿತು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೆಳಗಿಳಿದಳು. ‘ಎಂಥಾ ನಟನೆ!’ ಎಂದು ನಾವು ಚಪ್ಪಾಳೆ ಹೊಡೆದೆವು, ಪುಷ್ಪಾ. ಚಪ್ಪಾಳೆ!

ಅಪ್ಪ ಅವತ್ತು ಮದುವೆಯ ಮಂಟಪ ಗೊತ್ತುಮಾಡಲು ತಾರಮಂಗಲಕ್ಕೆ ಹೋಗಿದ್ದ. ಅಜ್ಜಿ ಕೆಳಗಿಳಿದವಳೇ ಅವನಿಗೆ ಫೋನು ಮಾಡಿ, “ತಿಮ್ಮರಾಯಾ, ಮಂಟಪ ವೇಂಡಾಂ. ಉಡುಗ ನಮ್ಮನೆ ಮಗ ಆಗ್ಬುಟ್ಟವ್ನೆ” ಎಂದಳು. ಸಂಜೆ ಅಪ್ಪ ಒಂದು ಚಪ್ಪಲಿ ಹೊಸಿಲಾಚೆ ಬಿಟ್ಟು ಇನ್ನೊಂದನ್ನು ಹಾಕಿಕೊಂಡೇ ದೇವರ ಮುಂದೆ ಬಂದು ನಿಂತ. ಯಾರಿಗೂ ಅದನ್ನು ಹೇಳುವ ಧೈರ್ಯವಿರಲಿಲ್ಲ.

“ಅವ್ನೇ ಕೇಳ್ಕೊಂಡ ಕಣ್ಲಾ,” ಎಂದಳು ಅಜ್ಜಿ. “ಮದ್ವೆ ಬ್ಯಾಡ ಅಂತ ನೇರ ಏಳಕಾಗ್ದೆ ಇಂಗ್ ಏಳ್ತಾವ್ನೆ ಅಂದ್ಕೊಂಡೆ. ಒಳ್ಳೇ ಮರ್ವಾದಸ್ತ.”

“ಅವ್ವಾ, ಅದು ಸುಮ್ಕೆ ಆಟ!”

“ಆಟಾನಾ? ಸರಿ ಬುಡು. ಅಂಗಾರೆ ಆ ಮಾದೇಶಂದೂ ಆಟಾನಾ?”

ಅಪ್ಪ ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ‘ಹೌದು’ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮಾದೇಶನೇ ಬಾಗಿಲಲ್ಲಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಜ್ಜಿಗೆಂದು ಕನಕಾಂಬರ ತಂದಿದ್ದ.

“ಅಜ್ಜಿ, ಬೀರಪ್ಪನ ಗುಡಿ ಎಲ್ಲೈತೆ? ಲೀವು ಸಿಕ್ದಾಗ ಓಗಿ ಬತ್ತೀನಿ. ಬಸ್ಸಲ್ಲಿ ಒಬ್ಬ ದೊಡ್ಡೋರು ನೀನ್ ಯಾವ ಒಕ್ಲು ಅಂದ್ರು,” ಎಂದ. ಹೂವನ್ನು ಅಜ್ಜಿಯ ಕೈಗಿಟ್ಟು, “ಬೀರಪ್ಪಂದು ಅಂತ ಏಳ್ದೆ,” ಎಂದ. ಅಷ್ಟೇ.

ಅಪ್ಪ ತೆರೆದ ಬಾಯಿಗೆ ಕಾಪಿ ಹಾಕಿಕೊಂಡ.

ನನ್ನ ಸ್ಥಿತಿ ಯೋಚಿಸು. ಆಟ ಎಂದರೆ ನನ್ನ ಮದುವೆ ಉಳಿಯುತ್ತದೆ, ಆ ಹುಡುಗನ ಮನೆ ಹೋಗುತ್ತದೆ. ನಿಜ ಎಂದರೆ ಅವನಿಗೆ ಮನೆ ಉಳಿಯುತ್ತದೆ, ನನಗೆ ಗಂಡ ಹೋಗುತ್ತಾನೆ. ಹಾಳೆಯ ಮೇಲಿನ ಪದ ಯಾರನ್ನು ಕಚ್ಚುತ್ತದೆ ಎಂದು ಕೇಳಿದವಳು ನಾನೇ ತಾನೆ, ನನ್ನನ್ನೇ ಹುಡುಕಿಕೊಂಡು ಬಂದು ಕಚ್ಚಿತು.

ದಾರಿ ಹೇಳಿದವಳೂ ಅಜ್ಜಿಯೇ. “ಸೇರ್ದೋರ್ನ ಆಚೀಕ್ ಓಗು ಅನ್ನಕಾಗಕಿಲ್ಲ. ಎಣ್ಣ್ ಮಗ್ಳ್ನ ಇನ್ನೊಂದ್ ಮನೇಗೆ ಮಗ್ಳಾಗಿ ಕೊಡಬೌದು,” ಎಂದಳು. ನಿಮ್ಮದು ಮಾದಪ್ಪನ ಒಕ್ಕಲು. ಯಲ್ಲಮ್ಮ ಅತ್ತೆ ನನ್ನ ಹಣೆಗೆ ಬೂದಿ ಇಟ್ಟು, ಮುದ್ದೆ ತಿನ್ನಿಸಿ ಮಗಳಾಗಿ ತೆಗೆದುಕೊಂಡರೆ ನಾನು ಮಾದಪ್ಪನವಳು. ಆಗ ಗೋವಿಂದರಾಜ್ ನನಗೆ ಅಣ್ಣನಲ್ಲ, ನೆಂಟ. ಈಗ ಆಡಿ ಮಾಸ, ಮದುವೆಯ ಮಾತಾಡಬಾರದು, ಮಗಳಾಗಿ ತೆಗೆದುಕೊಳ್ಳುವ ಮಾತಾಡಬಹುದು. ಆದರೆ ಫೋನಿನಲ್ಲಿ ಕೇಳುವುದು ಮರ್ಯಾದೆಯಲ್ಲ ಎಂದು ಅಜ್ಜಿಯ ಆಜ್ಞೆ. ಆದ್ದರಿಂದ ಈ ಅರಿಶಿನ, ಈ ಕಾಗದ. ನನಗೂ ನಿನಗೂ ಕನ್ನಡ ಅಕ್ಷರ ತಿದ್ದಿಸಿದವರು ಅತ್ತೆಯೇ ಅಲ್ಲವೇ. ತಪ್ಪಿದ್ದರೆ ಅವರೇ ಹೊಣೆ.

ಆಗ ಮಂಟಪದಲ್ಲಿ ನನ್ನ ಕೈ ಹಿಡಿದು ಧಾರೆ ಎರೆಯುವವರು ನಿಮ್ಮ ಮನೆಯವರು. ಅಪ್ಪ ನೆಂಟರ ಸಾಲಿನಲ್ಲಿ ಕೂರಬೇಕು. ಇದನ್ನು ಕೇಳಿ ಅಪ್ಪ, “ಆಗ್ಲಿ, ಎಲ್ಲಿ ಕೂತ್ರೂ ಕಾಣ್ತದೆ,” ಎಂದ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ.

ಅತ್ತೆಯ ಕಾಲಿಗೆ ನನ್ನ ನಮಸ್ಕಾರ ಹೇಳು. ಉತ್ತರ ಬೇಗ ಬರಲಿ.

ಇಂತು ನಿನ್ನ ಗೆಳತಿ, ಅತ್ತೆ ಒಪ್ಪಿದರೆ ನಿನ್ನ ತಂಗಿ,
ರಾಧಾ

ತಾ.ಕ.: ಈ ಹಾಳೆಯನ್ನು ಅತ್ತೆಗೆ ಓದಬೇಡ. ಹಿಂದಿನ ಹಾಳೆಗಳನ್ನು ಅಪ್ಪ ಓದಿಸಿ ಕೇಳಿದ್ದಾನೆ, ಇನ್ನೇನು ಅಂಚೆಗೆ ಹಾಕಲು ಕೈ ಚಾಚಿ ನಿಂತಿದ್ದಾನೆ. ಇದನ್ನು ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ.

ನೀನು ಗಮನಿಸಿರುತ್ತೀಯ, ಇಷ್ಟುದ್ದದ ಕಾಗದದಲ್ಲಿ ಇದಕ್ಕೆಲ್ಲ ಗೋವಿಂದರಾಜ್ ಏನೆಂದ ಎಂದು ಎಲ್ಲೂ ಬರೆದಿಲ್ಲ. ಅದನ್ನು ತಮಾಷೆಯಾಗಿ ಬರೆಯಲು ನನಗೆ ಬರಲಿಲ್ಲ. ಅಜ್ಜಿ ತೋರಿಸಿದ ದಾರಿಯನ್ನು ಅವನಿಗೆ ಸೋಮವಾರವೇ ಹೇಳಿದೆ. “ನೀನ್ಯಾಕ್ ಮನೆ ಬುಡಬೇಕು? ಅಜ್ಜಿಗೆ ಆಟ ಅಂತ ಏಳು, ಮುಗೀತು. ಆ ಮಾದೇಶ ಎಲ್ಲಿ ಉಟ್ಟ್ನೋ, ಯಾರ್ಗ್ ಉಟ್ಟ್ನೋ. ನಾಳೆ ಮಂಟಪದಲ್ಲಿ ನನ್ ಪಕ್ಕ ಬಂದ್ ನಿಂತ್ರೆ ನಮ್ಮೋರ್ಗೆ ನಾನ್ ಏನಂತ ಏಳ್ಲಿ?” ಎಂದ. ಅವನೇ ಕಣೇ. ಆಟದ ಪಾತ್ರದಲ್ಲಿ ಮಾತಾಡುತ್ತಿದ್ದಾನೇನೋ ಎಂದು ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ. ಇಲ್ಲ.

ಆ ಮಾತನ್ನು ಹಿಂದೆ ತೆಗೆದುಕೊಳ್ಳುತ್ತಾನೆಂದು ಕಾದೆ. ಈಗಷ್ಟೇ ಫೋನು ಮಾಡಿ, ಅದು ಆಟವೆಂದು ಅಜ್ಜಿಗೆ ಹೇಳಿದೆಯಾ ಎಂದು ಕೇಳಿದ.

ಅತ್ತೆ ಒಪ್ಪಿದರೂ ಅವಸರ ಬೇಡವೆಂದು ಹೇಗಾದರೂ ತಡೆ. ಅಪ್ಪನಿಗೆ ನಾನೇ ನಿಧಾನವಾಗಿ ಹೇಳುತ್ತೇನೆ. ಗೋವಿಂದರಾಜನಿಗೆ ಮಾತ್ರ ಫೋನಿನಲ್ಲೇ ಹೇಳಿಯಾಯಿತು: “ಅಜ್ಜಿ ಇಟ್ಟಿದ್ದು ಇಟ್ಟಂಗೇ ಇರ್ಲಿ ಬುಡಣ್ಣ.”