ಕಪ್ಪು ಅಂಚಿನ ಪೋಸ್ಟರ್

ಮಾರ್ಚ್ ೧೪, ಗುರುವಾರ

ಮಾವನವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಸಂತಾಪದ ಪೋಸ್ಟರು ನಮ್ಮ ಪ್ರೆಸ್ಸಿನಿಂದಲೇ ಮೊದಲು ಹೊರಡಬೇಕೆಂಬ ಹಟ ಅವರಿಗೆ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ, ಕಣ್ಣೊರೆಸಿಕೊಳ್ಳುತ್ತಲೇ ತಮ್ಮ ಮೆಚ್ಚಿನ ರಂಗನಟನ ಚಿತ್ರಕ್ಕೆ ಕಪ್ಪು ಅಂಚು ಹಾಕಿ ಮುದ್ರಿಸಿಯೇ ಬಿಟ್ಟಿದ್ದರು. ಸಾವಿನ ಸುದ್ದಿಯನ್ನು ಮನೆಯವರ ಗ್ರೂಪಿಗೂ ಹಾಕಿದ್ದರು.

"ಯಾರು ಹೇಳಿದ್ದು ಮಾವ?"

"ಎಲ್ಲರೂ ಕಳಿಸಿದ್ದಾರಲ್ಲಮ್ಮ!"

ಎಲ್ಲರೂ ಅಂದರೆ ಯಾರೂ ಅಲ್ಲ. ನಾಟಕಮಂದಿರಕ್ಕೇ ಫೋನ್ ಮಾಡಿದೆ. ಟಿಕೆಟ್ ಕೊಡುವಾಕೆ ನಕ್ಕಳು. "ಇಲ್ಲೇ ಮೀಸೆ ಅಂಟಿಸ್ಕೊಳ್ತಿದ್ದಾರೆ. ಕರೀಲಾ?"

ಕರೀರಿ ಅಂದು ಫೋನನ್ನು ಮಾವನವರ ಕಿವಿಗೆ ಹಿಡಿದೆ. ನಟನದೇ ದನಿ ಕೇಳಿಸಿದ್ದೇ ತಡ, ಫೋನನ್ನು ದೂರ ತಳ್ಳಿದರು. ಆಮೇಲೆ ಇಡೀ ಮಧ್ಯಾಹ್ನ ಮುಖ ಊದಿಸಿಕೊಂಡು ಕೂತರು. ತಪ್ಪು ಒಪ್ಪಿಕೊಳ್ಳುವ ಆಸಾಮಿಯೇ ಅಲ್ಲ ಅಂದುಕೊಂಡೆ.

ಸಂಜೆ ನೋಡಿದರೆ ಗ್ರೂಪಿನಲ್ಲಿ ಅವರದೇ ಧ್ವನಿ: "ಬೆಳಿಗ್ಗೆ ನಾನು ಕಳಿಸಿದ್ದು ಶುದ್ಧ ಸುಳ್ಳು. ಅವರ ದನಿ ನಾನೇ ಕೇಳಿದೆ. ಯಾರ್ಯಾರಿಗೆ ಕಳಿಸಿದ್ದೀರೋ ಅವರಿಗೆಲ್ಲ ಹೇಳಿಬಿಡಿ." ಪೋಸ್ಟರಿನ ಕಪ್ಪು ಅಂಚನ್ನು ಕತ್ತರಿಸಿ, ನಟನ ಮುಖವನ್ನಷ್ಟೇ ಗೋಡೆಗೆ ಅಂಟಿಸಿದ್ದರು.

ಈಗ ಇದನ್ನು ಬರೆಯುತ್ತಿರುವಾಗಲೇ ಬಾಗಿಲು ತಟ್ಟಿದರು. ಯಾವುದೋ ಮಂತ್ರಿಯ ಬಗ್ಗೆ ಹೊಸ ಸುದ್ದಿ ಬಂದಿದೆಯಂತೆ.

"ಇನ್ನೂ ಯಾರಿಗೂ ಕಳಿಸಿಲ್ಲಮ್ಮ. ಇದನ್ನ ಯಾರ ಹತ್ರ ಕೇಳ್ಬೇಕು?"

ನಾಳೆ ಇಬ್ಬರೂ ಸೇರಿ ಹುಡುಕೋಣ ಮಾವ ಅಂದೆ. ಸಿಟ್ಟು ಎಲ್ಲಿ ಹೋಯಿತೋ.