ಮೂರನೆಯ ಸಿಲಿಂಡರ್

ಅಕ್ಟೋಬರ್ 5, 1998. ಸೋಮವಾರ

ಇವತ್ತೂ ಕಾರು ಎಳೆದಾಡಿತು. ಕೆಂಟನ್ ರೋಡಿನ ಸಿಗ್ನಲ್‌ನಲ್ಲಿ ಇಡೀ ಗಾಡಿ ನಡುಗಿತು. ಹಸಿರು ಬಿದ್ದ ಮೇಲೆ ಮುಗ್ಗರಿಸುತ್ತ ಹೊರಟಿತು. ಸ್ಪೀಚ್ ಥೆರಪಿಗೆ ಹದಿನೈದು ನಿಮಿಷ ತಡ. ಇವರು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಎಂಜಿನ್ ಸದ್ದನ್ನೇ ಕೇಳುತ್ತಿದ್ದರು. ಇಪ್ಪತ್ತೆರಡು ವರ್ಷ ಗ್ರೀನ್‌ಫರ್ಡ್‌ನ ಗ್ಯಾರೇಜಿನಲ್ಲಿ ದುಡಿದ ಮನುಷ್ಯ. ಏನಾಗಿದೆ ಅಂತ ಗೊತ್ತು, ಖಂಡಿತ. ಹೇಳುವುದು ಹೇಗೆ... ಜೂನ್‌ನಲ್ಲಿ ಸ್ಟ್ರೋಕ್ ಆದಾಗಿನಿಂದ ಒಂದು ಮಾತಿಲ್ಲ. ಬಲಗೈಯೂ ಆಡುವುದಿಲ್ಲ.

ಮಗಳು ಫೋನಿನಲ್ಲಿ — “ಜಸ್ಟ್ ಸ್ಕ್ರ್ಯಾಪ್ ಇಟ್, ಮಮ್.”

ಅಕ್ಟೋಬರ್ 10, ಶನಿವಾರ. ಮಧ್ಯಾಹ್ನ 1

ವ್ಹೀಲ್‌ಚೇರನ್ನು ಕಾರಿನ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿದೆ. “ನೀವು ತೋರಸ್ರಿ, ನಾ ಮಾಡ್ತೀನಿ,” ಅಂದೆ.

ಇವರ ಎಡಗೈ ಬೆರಳು ನಾಲ್ಕು ಸಿಲಿಂಡರಿಗೆ ಹೋಗುವ ನಾಲ್ಕು ಸ್ಪಾರ್ಕ್ ಪ್ಲಗ್ ವೈರುಗಳ ಮೇಲೆ ಓಡಿತು. ಎಂಜಿನ್ ಓಡುತ್ತಿರುವಾಗಲೇ ಒಂದನ್ನು ಹಿಡಿಯಹೋದೆ. ಮೊಣಕೈಗೆ ಬಡಿದರು — ಶಾಕ್ ಹೊಡೆಯುತ್ತದೆ. ಸನ್ನೆಯಲ್ಲೇ ಹೇಳಿಕೊಟ್ಟರು: ಆಫ್ ಮಾಡಿ, ಒಂದು ವೈರು ಕಿತ್ತು, ಮತ್ತೆ ಸ್ಟಾರ್ಟ್ ಮಾಡಿ ಕೇಳುವುದು. ಚೆನ್ನಾಗಿರುವ ಸಿಲಿಂಡರಿನದಾದರೆ ನಡುಕ ಹೆಚ್ಚಬೇಕು. ಹೆಚ್ಚದಿದ್ದರೆ ಕೆಟ್ಟಿರುವುದು ಅದೇ.

ಒಂದು — ಹೆಚ್ಚಿತು. ಎರಡು — ಹೆಚ್ಚಿತು. ಮೂರನೆಯದಕ್ಕೂ ಹಾಗೇ ಅನ್ನಿಸಿತು. “ಇದಕ್ಕೂ ಹೆಚ್ಚಾತಲ್ರಿ?”

ಕುರ್ಚಿಯ ಕೈ ಗುದ್ದಿದರು. ಮುಖ ಕೆಂಪಗೆ. ಕುತ್ತಿಗೆಯ ನರ ಉಬ್ಬಿ, ಬಾಯಿ ಸೊಟ್ಟಗಾಗಿ, ಕೊನೆಗೆ —

“ಮೂರು.”

ನಾಲ್ಕು ತಿಂಗಳಾಗಿತ್ತು ಆ ದನಿ ಕೇಳಿ. ಕಾರಿನ ಮಡ್‌ಗಾರ್ಡಿನ ಮೇಲೆ ತಲೆಯಿಟ್ಟು ಅತ್ತೆ. ಇವರು ಕೀ ಕಡೆ ಕೈ ತೋರಿಸುತ್ತಲೇ ಇದ್ದರು. ಎಂಜಿನ್ ಆಫ್ ಮಾಡುವುದೇ ಮರೆತಿದ್ದೆ.

ಸಂಜೆ 5

ಮೊದಲು ಎರಡರ ಪ್ಲಗ್ಗನ್ನೂ ಮೂರರ ಪ್ಲಗ್ಗನ್ನೂ ಅದಲುಬದಲು ಮಾಡಿಸಿದರು. ಆಗಲೂ ಮೂರೇ ಸತ್ತಿತ್ತು. ಆಮೇಲೆ ಅವೆರಡರ ವೈರುಗಳನ್ನು ಅದಲುಬದಲು ಮಾಡಿದೆವು. ಈಗ ಎರಡನೆಯದು ಸತ್ತಿತು. ಅಂದರೆ ತಪ್ಪು ವೈರಿನದು. ಕಿಂಗ್ಸ್‌ಬರಿಯಿಂದ ಹೊಸ ಸೆಟ್ ತಂದು ಹಾಕಿದೆ. ಎಂಜಿನ್ ಒಂದೇ ಸಮ. ನನ್ನ ಗ್ರೀಸ್ ಕೈ ಹಿಡಿದುಕೊಂಡವರು ಬಿಡಲಿಲ್ಲ.

ಅಕ್ಟೋಬರ್ 12, ಸೋಮವಾರ

ಥೆರಪಿಸ್ಟ್ ಕಪ್ಪಿನ ಚಿತ್ರ ತೋರಿಸಿದಳು. “ಮೂರು.” ಕುರ್ಚಿ — “ಮೂರು.” ಮಗಳ ಫೋಟೊ... ಅದಕ್ಕೂ.

ಹೀಗೂ ಆಗುತ್ತದಂತೆ. ಸಿಕ್ಕ ಒಂದೇ ಮಾತು ಎಲ್ಲದಕ್ಕೂ ಬಂದುಬಿಡುತ್ತದೆ. ಬೇರೆ ಮಾತು ಬರಬಹುದು, ಬರದೆಯೂ ಇರಬಹುದು ಅಂದಳು.

ಮನೆಗೆ ಬಂದ ಮೇಲೆ ನನ್ನನ್ನೂ ಹಾಗೇ ಕರೆದರು. “ಬಂದೆ ರೀ,” ಅಂದೆ.

ನವೆಂಬರ್ 26, ಗುರುವಾರ

ಆಸ್ಪತ್ರೆಯವರು ಥೆರಪಿ ನಿಲ್ಲಿಸಿದರು. ಇದಕ್ಕಿಂತ ಸುಧಾರಿಸುವುದಿಲ್ಲವಂತೆ. ಇವರ ಎದುರಿಗೇ ಹೇಳಿದರು, ಇಂಗ್ಲಿಷಿನಲ್ಲಿ, ಬಹಳ ಮೆತ್ತಗೆ.

ಬರುವಾಗ ಕಾರು ಎಲ್ಲೂ ಎಳೆಯಲಿಲ್ಲ. “ಅವರಂದದ್ದು ತಿಳೀತೇನ್ರಿ?” ಅಂತ ಕೇಳಿದೆ. ಕಿಟಕಿಯಾಚೆ ನೋಡುತ್ತಲೇ ಹೌದೆಂದು ತಲೆಯಾಡಿಸಿದರು. ಕೇಳಬಾರದಿತ್ತು.

ನವೆಂಬರ್ 30, ಸೋಮವಾರ. ಬೆಳಿಗ್ಗೆ 9

ಇವತ್ತು ಥೆರಪಿಯ ಅಪಾಯಿಂಟ್‌ಮೆಂಟ್ ಇಲ್ಲ ಅಂತ ಎರಡು ಸಲ ಹೇಳಿದ್ದೆ. ಸ್ನಾನ ಮಾಡಿ ಬರುವಷ್ಟರಲ್ಲಿ ಒಂದೇ ಕೈಯಲ್ಲಿ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದಾರೆ. ಗುಂಡಿ ಮೇಲೆ ಕೆಳಗೆ ಆಗಿದೆ. ಒಂದು ಕಾಲಿಗೆ ಬೂಟು, ಇನ್ನೊಂದು ಬೂಟು ತೊಡೆಯ ಮೇಲೆ.

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಎಲ್ಲಿಗಾದರೂ ಹೋಗುವುದು. ದಾರಿಯಲ್ಲಿ ಯೋಚಿಸಿದರಾಯಿತು. ಮೊದಲು ಆ ಬೂಟು —

ಕರೆಯುತ್ತಿದ್ದಾರೆ.