ಸ್ಟೇಮೂರ್ ಎಂಬ ಮಾತಿನ ಬೇರು

ಆಂಡೆನೆಸ್
೯ ಮಾರ್ಚ್ ೧೯೮೪

ನನ್ನ ಮುದ್ದು ಯೂರುನ್,

ಹೇಗಿದ್ದೀಯ ತಾಯಿ? ಕಾಲಿನ ಊತ ಇಳಿಯಿತೇ? ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಕಾಡ್ ಮೀನಿನ ಕಾಲ. ನಿಮ್ಮಪ್ಪ ಇನ್ನೂ ಕತ್ತಲಿರುವಾಗಲೇ ದೋಣಿ ಹತ್ತುತ್ತಾರೆ. "ಹುಡುಗಿಗೆ ಮೀನಿನ ಮೊಟ್ಟೆ ಕಳಿಸೇ, ಬಲ ಬರುತ್ತೆ" ಎಂದು ದಿನವೂ ಅದೇ ರಾಗ.

ನೀನು ಫೋನಿನಲ್ಲಿ ಕೇಳಿದೆಯಲ್ಲ, "ಹೆರಿಗೆಗೆ ಬರ್ತೀಯಾ ಸಿನ್ನೇವಾ? ಮಗು ನಿನ್ನ ಏನಂತ ಕರೀಬೇಕು?" ಎಂದು. ನೆರೆಮನೆಯ ಮಗ್ನ್‌ಹಿಲ್ಡ್‌ಗೆ ಹೇಳಿದರೆ, "ಮಲ-ಅಜ್ಜಿ ಅಂತ ಕರೀಲಿ ಬಿಡು!" ಎಂದು ನಕ್ಕಳು. ನಾನೂ ನಕ್ಕೆ, ಆದರೆ ಮನಸ್ಸಿಗೆ ಚುಚ್ಚಿತು. ಮಲತಾಯಿಗೆ ನಾವನ್ನುವ ಸ್ಟೇಮೂರ್ ಎನ್ನುವುದರಲ್ಲಿ 'ಮೂರ್' ಎಂದರೆ ತಾಯಿ ಸರಿ. 'ಸ್ಟೇ' ಎಂದರೆ ಎರಡನೇ ದರ್ಜೆಯದು ಎಂದೇ ಇಷ್ಟು ವರ್ಷ ನಂಬಿದ್ದೆ. ಯಾರನ್ನಾದರೂ ಕಡೆಗಣಿಸಿದರೆ ಮಲತಾಯಿಯ ಹಾಗೆ ಕಂಡರು ಎನ್ನುವುದಿಲ್ಲವೇ?

ಭಾನುವಾರ ಸಭಾಮಂದಿರದಲ್ಲಿ, ನಿನಗೆ ಪಾಠ ಹೇಳಿದ ಆಸ್ಗೇರ್ ಮೇಷ್ಟ್ರು ಹಳೆಯ ಮಾತುಗಳ ಬಗ್ಗೆ ಭಾಷಣ ಮಾಡಿದರು. ಕಾಫಿಯ ಹೊತ್ತಿಗೆ ಮಗ್ನ್‌ಹಿಲ್ಡ್ ಬಾಯಿ ಸುಮ್ಮನಿರಬೇಕಲ್ಲ! "ಮೇಷ್ಟ್ರೇ, ಈ 'ಸ್ಟೇ' ಅಂದ್ರೇನು? ನಮ್ಮ ಸಿನ್ನೇವಾ ಮುಖ ಸಣ್ಣ ಮಾಡ್ಕೊಂಡಿದಾಳೆ."

"ಕೀಳು ಅಂತ ಅಲ್ಲಮ್ಮ. ಬಹಳ ಹಿಂದೆ ಅದರ ಅರ್ಥ ಕಳಕೊಂಡವರು ಅಂತ. ಮೊದಲು ಆ ಮಾತು ಅಂಟಿದ್ದು ತಬ್ಬಲಿ ಮಗುವಿಗೆ. ಆಮೇಲೆ ಅದನ್ನ ಎತ್ಕೊಂಡವಳಿಗೆ. ಸ್ಟೇಮೂರ್ ಅಂದ್ರೆ ತಬ್ಬಲಿಗೆ ತಾಯಿ" ಎಂದರು ಮೇಷ್ಟ್ರು.

"ದೊಡ್ಡ ಪದವಿನೇ ಬಂತಲ್ಲೇ!" ಎಂದು ಮಗ್ನ್‌ಹಿಲ್ಡ್ ನನ್ನ ಬೆನ್ನಿಗೆ ಗುದ್ದಿದಳು.

ನಿನ್ನಮ್ಮ ತೀರಿಕೊಂಡ ಮೇಲೆ ನಾನು ಈ ಮನೆಗೆ ಬಂದ ದಿನ ನೆನಪಿದೆಯೇ? ಬೆಕ್ಕನ್ನು ಅವಚಿಕೊಂಡು, "ಅದು ಅಮ್ಮನ ಕುರ್ಚಿ, ಕೂರಬೇಡ" ಎಂದಿದ್ದೆ ನೀನು. ನಾನು ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಬೆಕ್ಕು ನನ್ನ ಮಡಿಲಿಗೆ ಬಂತು, ಅದರ ಹಿಂದೆಯೇ ನೀನೂ ಬಂದೆ.

ಮಗು ಏನೆಂದಾದರೂ ಕರೆಯಲಿ, ನಾನು ಬರುತ್ತೇನೆ. ಬರುವ ಶುಕ್ರವಾರದ ಹಡಗು ಹತ್ತುತ್ತೇನೆ. ದೇವರು ನಿನ್ನನ್ನೂ ನಿನ್ನ ಹೊಟ್ಟೆಯ ಜೀವವನ್ನೂ ಬೆಚ್ಚಗಿಟ್ಟಿರಲಿ.

ನಿನ್ನ
ಸಿನ್ನೇವಾ

ಇನ್ನೊಂದು ಮಾತು: ಉತ್ತರ ತಡವಾದದ್ದಕ್ಕೆ ಮೀನಿನ ಕಾಲ ಬರೀ ನೆಪ. ನಿಮ್ಮಪ್ಪನನ್ನು ಕಾಣುವ ಮೊದಲೇ ನನಗೊಂದು ಹೆಣ್ಣುಮಗು ಹುಟ್ಟಿತ್ತು. ಅಳಲೇ ಇಲ್ಲ ಅದು. ಸೂಲ್ರುನ್ ಎಂದು ಹೆಸರಿಟ್ಟು ಮಣ್ಣು ಮಾಡಿದೆವು. ಆಮೇಲೆ ನಾನು ಹೆರಿಗೆ ವಾರ್ಡಿನ ಹೊಸಿಲು ತುಳಿದಿಲ್ಲ. ಈ ಮನೆಯಲ್ಲಿ ಕಳೆದುಕೊಂಡವಳು ನೀನೊಬ್ಬಳೇ ಆಗಿರಲಿಲ್ಲ ಕಣೇ. ನಿನ್ನ ಮಗು ಗಟ್ಟಿಯಾಗಿ ಅಳಲಿ. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.